ಕೈ ಏಳದ ಆ ಕೆಲವು ವಾರಗಳು



ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ನಮ್ಮ ತುಮಕೂರು ಸೀಮೆಯ ಜನರಲ್ಲಿ ಇಂದಿಗೂ ಒಂದು ವಿಚಿತ್ರ ಭಯವಿದೆ. ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಹೋದಾಗ ನಾವು ಧೈರ್ಯದ ಮಾತನ್ನಾಡುತ್ತೇವೆ. ತಲೆಯ ಶಸ್ತ್ರಚಿಕಿತ್ಸೆಯಾದವರ ಮನೆಯಲ್ಲಿ ಮಾತ್ರ ದನಿ ತಗ್ಗಿಸಿ, “ಇನ್ನು ಮೊದಲಿನಂತೆ ಆಗುವುದುಂಟೇ?” ಎಂದು ಪಡಸಾಲೆಯಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ. ಅದರಲ್ಲೂ ರೋಗಿಯ ಒಂದು ಕೈ, ಒಂದು ಕಾಲು ಆಡದಿದ್ದರೆ ಮುಗಿಯಿತು. “ಲಕ್ವ ಹೊಡೆದಿದೆ” ಎಂಬ ಮಾತು ಊರೆಲ್ಲ ಹರಡುತ್ತದೆ. ಅದರ ಹಿಂದೆಯೇ “ಡಾಕ್ಟರು ನರ ಕತ್ತರಿಸಿದ್ದಾರೆ” ಎಂಬ ಮಾತೂ ಬರುತ್ತದೆ.

ಈ ಎರಡು ಮಾತುಗಳ ಬಗ್ಗೆಯೇ ಇಂದು ಬರೆಯಬೇಕೆನಿಸಿದೆ. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಕೈಕಾಲು ಆಡದಿರುವ ಎಲ್ಲ ಸಂದರ್ಭಗಳೂ ಶಾಶ್ವತವಲ್ಲ. ಅವುಗಳಲ್ಲಿ ಒಂದು ಪಾಲು ಕೆಲವು ದಿನ, ಕೆಲವು ವಾರ ಅಥವಾ ಕೆಲವು ತಿಂಗಳುಗಳಲ್ಲಿ ಸರಿಹೋಗುವಂಥದ್ದು. ಈ ಸಂಗತಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ತಿಳಿಯುವ ಕನ್ನಡದಲ್ಲಿ, ರೋಗಿಗೂ ಮನೆಯವರಿಗೂ ಹೇಳುವುದು ಚಿಕಿತ್ಸೆಯದೇ ಒಂದು ಭಾಗ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಗೆ ಹೇಳದಿರುವುದರಿಂದ ಆಗುವ ಹಾನಿ ಮನಸ್ಸಿನ ನೋವಿಗೆ ನಿಲ್ಲುವುದಿಲ್ಲ. ಗುಣವಾಗಬಹುದಾದ ಕೈಕಾಲುಗಳೇ ಕೆಡುತ್ತವೆ.

ನಾನು ವೈದ್ಯನಲ್ಲ, ಪಾಠ ಹೇಳಿ ಬದುಕಿದವನು. ಆದರೆ ಒಂದು ವಿಷಯವನ್ನು ಓದಿ, ತಿಳಿದವರನ್ನು ಕೇಳಿ, ಸರಳವಾಗಿ ಹೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮೊದಲು ಸ್ವಲ್ಪ ವಿಜ್ಞಾನ ನೋಡೋಣ.

ಮಿದುಳಿನ ಯಾವ ಭಾಗ ದೇಹದ ಯಾವ ಅಂಗವನ್ನು ಆಡಿಸುತ್ತದೆ ಎಂಬುದರ ಅರಿವು ಬಹಳ ಹಳೆಯದೇನಲ್ಲ. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ವೈದ್ಯರು ನಾಯಿಯ ಮಿದುಳಿನ ಮೇಲ್ಮೈಯ ಒಂದು ಭಾಗಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿದಾಗ ಎದುರು ಬದಿಯ ಕಾಲು ಅಲುಗಿತು. ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಎಚ್ಚರವಿರುವ ರೋಗಿಗಳ ಮಿದುಳನ್ನು ಹೀಗೆಯೇ ಮೆಲ್ಲಗೆ ಪ್ರಚೋದಿಸಿ, ಕಾಲಿಗೆ ಇಲ್ಲಿ, ಕೈಗೆ ಇಲ್ಲಿ, ಮುಖಕ್ಕೆ ಇಲ್ಲಿ ಎಂದು ಒಂದು ನಕ್ಷೆಯನ್ನೇ ಬರೆದರು. ಈ ಪೆನ್‌ಫೀಲ್ಡರ ಬಳಿ ತರಬೇತಿ ಪಡೆದ ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ನಮ್ಮ ದೇಶದಲ್ಲಿ ಈ ಶಾಸ್ತ್ರ ಬೇರೂರಿದ್ದು ಅಲ್ಲಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮಾ ಅವರೂ ನರಶಸ್ತ್ರಚಿಕಿತ್ಸಕರೇ. ಅಂದಿನಿಂದ ಗುಬ್ಬಿ, ಕುಣಿಗಲ್, ತುರುವೇಕೆರೆ, ಪಾವಗಡಗಳ ಎಷ್ಟು ಮಂದಿ ಬಡವರು ಹೊಸೂರು ರಸ್ತೆಯ ಆ ಗೇಟಿನ ಮುಂದೆ ಬುತ್ತಿಯ ಗಂಟು ಹಿಡಿದು ಕಾದಿದ್ದಾರೋ ಲೆಕ್ಕವಿಟ್ಟವರಾರು!

ಇನ್ನು ಮುಖ್ಯ ವಿಷಯ. ಕೈಕಾಲುಗಳಿಗೆ ನೇರವಾಗಿ ಆಜ್ಞೆ ಹೋಗುವ ಪಟ್ಟಿಯೊಂದು ಮಿದುಳಿನ ಎರಡೂ ಬದಿಯಲ್ಲಿದೆ. ಅದನ್ನು ಚಲನಾ ಪಟ್ಟಿ ಎನ್ನೋಣ. ಅದರ ಮುಂದೆ, ನೆತ್ತಿಯ ನಡುಗೆರೆಗೆ ಅಂಟಿಕೊಂಡಂತೆ, ಇನ್ನೊಂದು ಪ್ರದೇಶವಿದೆ. ಇದು ಪೂರಕ ಚಲನಾ ಪ್ರದೇಶ. ವೈದ್ಯರ ಬಾಯಲ್ಲಿ ಎಸ್‌ಎಂಎ. ಶಾಲೆಯ ಹೋಲಿಕೆ ಕೊಡುವುದಾದರೆ, ಚಲನಾ ಪಟ್ಟಿಯು ತರಗತಿಗಳಲ್ಲಿರುವ ಉಪಾಧ್ಯಾಯರಂತೆ, ಪೂರಕ ಪ್ರದೇಶವು ವೇಳಾಪಟ್ಟಿ ನೋಡಿ ಗಂಟೆ ಹೊಡೆಯುವ ಜವಾನನಂತೆ. ಜವಾನ ಒಂದು ದಿನ ಬಾರದಿದ್ದರೆ ಉಪಾಧ್ಯಾಯರೂ ಇರುತ್ತಾರೆ, ಮಕ್ಕಳೂ ಇರುತ್ತಾರೆ. ಪಾಠ ಮಾತ್ರ ಆರಂಭವಾಗುವುದಿಲ್ಲ. ಈ ಭಾಗದಲ್ಲಿ ಬೆಳೆದ ಗಡ್ಡೆಯನ್ನು ತೆಗೆದಾಗ ರೋಗಿಯ ಸ್ಥಿತಿ ಹೀಗೆಯೇ ಆಗುತ್ತದೆ. ಸ್ನಾಯುಗಳ ಬಿಗಿ ಸಾಮಾನ್ಯವಾಗಿ ಉಳಿದಿರುತ್ತದೆ, ಆದರೆ “ಕೈ ಎತ್ತಿ” ಎಂದರೆ ಎದುರು ಬದಿಯ ಕೈ ಏಳುವುದಿಲ್ಲ. ಎಡಭಾಗದ ಮಿದುಳಾದರೆ ಮಾತೂ ನಿಂತುಹೋಗಬಹುದು. 1977ರಲ್ಲಿ ಫ್ರಾನ್ಸಿನ ಲಪ್ಲಾನ್ ಮತ್ತು ಅವರ ಸಹೋದ್ಯೋಗಿಗಳು ಈ ಲಕ್ಷಣಗಳನ್ನೂ ಅವು ಹಂತಹಂತವಾಗಿ ಮರೆಯಾಗುವುದನ್ನೂ ವರ್ಣಿಸಿದರು. ಎದುರು ಬದಿಯ ಪೂರಕ ಪ್ರದೇಶವು, ಎರಡು ಅರ್ಧಗಳನ್ನು ಬೆಸೆಯುವ ನರತಂತುಗಳ ಸೇತುವೆಯ ಮೂಲಕ, ಆ ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ ಎಂಬುದು ಇಂದಿನ ತಿಳಿವಳಿಕೆ. ಪಕ್ಕದ ಶಾಲೆಯ ಜವಾನನು ಬಂದು ನಮ್ಮ ಶಾಲೆಯ ಗಂಟೆಯನ್ನೂ ಹೊಡೆಯಲು ಕಲಿತಂತೆ!

ತಾತ್ಕಾಲಿಕ ತೊಂದರೆಗೆ ಇನ್ನೂ ಕಾರಣಗಳಿವೆ. ಗಡ್ಡೆ ತೆಗೆದ ಜಾಗದ ಸುತ್ತ ಬಾವು ಬರುತ್ತದೆ. ಅದು ಮೊದಲ ಎರಡು ಮೂರು ದಿನಗಳಲ್ಲಿ ಏರಿ ಆಮೇಲೆ ಇಳಿಯತೊಡಗುತ್ತದೆ. ಶಸ್ತ್ರಚಿಕಿತ್ಸೆಯ ದಿನ ಸಂಜೆ ಆಡಿದ ಕೈ ಮರುದಿನ ಸೋತಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಮೂರ್ಛೆ ಬಂದುಹೋದ ಮೇಲೆ ಆ ಬದಿಯ ಕೈಕಾಲು ಕೆಲವು ಗಂಟೆಗಳಿಂದ ಒಂದೆರಡು ದಿನ ಸೋತಿರುವುದುಂಟು. ಹಿಂಮಿದುಳಿನ ಗಡ್ಡೆ ತೆಗೆದ ಕೆಲವು ಮಕ್ಕಳು ಒಂದೆರಡು ದಿನ ಚೆನ್ನಾಗಿಯೇ ಇದ್ದು ಆಮೇಲೆ ಮಾತು ನಿಲ್ಲಿಸಿ, ಮೈ ಸಡಿಲಬಿಟ್ಟು, ತತ್ತರಿಸುವಂತಾಗುವುದನ್ನೂ ವೈದ್ಯರು ಗುರುತಿಸಿದ್ದಾರೆ. ಆ ಮಕ್ಕಳಿಗೆ ಮಾತು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಮರಳುತ್ತದೆ, ಆದರೆ ಉಚ್ಚಾರಣೆಯಲ್ಲಿ, ನಡಿಗೆಯ ತೂಕದಲ್ಲಿ ಕೊರತೆ ಉಳಿಯುವುದುಂಟು. ಮಿದುಳಿನ ಒಂದೆಡೆ ಪೆಟ್ಟಾದಾಗ ಅದಕ್ಕೆ ಸಂಬಂಧಿಸಿದ ದೂರದ ಭಾಗವೂ ತಾತ್ಕಾಲಿಕವಾಗಿ ಮಂಕಾಗುತ್ತದೆಂದು ಫಾನ್ ಮೊನಾಕೋವ್ ಎಂಬ ವಿದ್ವಾಂಸರು 1914ರಲ್ಲಿಯೇ ಬರೆದಿದ್ದರು. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕೆರೆಯ ತೂಬಿನ ಬಳಿ ಹೂಳು ಕಟ್ಟಿದರೆ ಕೊನೆಯ ಗದ್ದೆಯ ಪೈರು ಬಾಡುತ್ತದೆ. ಆ ಗದ್ದೆಯಲ್ಲಿ ತಪ್ಪೇನೂ ಇರುವುದಿಲ್ಲ.

ಪುಸ್ತಕದ ಮಾತು ಇಷ್ಟು. ಇದು ಮನೆಯಲ್ಲಿ ಹೇಗೆ ಕಾಣುತ್ತದೆಂಬುದನ್ನು 2019ರಲ್ಲಿ ನಾನೇ ನೋಡಿದೆ. ಗುಬ್ಬಿ ತಾಲ್ಲೂಕಿನಲ್ಲಿ ತೆಂಗು ಅಡಿಕೆ ಬೆಳೆಯುವ ನನ್ನ ಹೆಂಡತಿಯ ತಮ್ಮನಿಗೆ ಮಿದುಳಿನ ಹೊದಿಕೆಯಿಂದ ಹುಟ್ಟಿದ, ಕ್ಯಾನ್ಸರ್ ಅಲ್ಲದ ಗಡ್ಡೆಯೊಂದು ಎಡಭಾಗದ ನೆತ್ತಿಯ ಬಳಿ ಬೆಳೆದಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆದರು. ಗಡ್ಡೆ ಪೂರ್ತಿಯಾಗಿ ಬಂತು ಎಂಬ ಸಮಾಧಾನದಲ್ಲಿ ನಾವಿದ್ದರೆ, ಎಚ್ಚರವಾದವನು ಬಲಗೈ ಎತ್ತಲಿಲ್ಲ, ಬಲಗಾಲು ಮಡಿಸಲಿಲ್ಲ, ಮಾತೂ ಆಡಲಿಲ್ಲ. ಕಣ್ಣು ಮಾತ್ರ ನಮ್ಮನ್ನು ಹಿಂಬಾಲಿಸುತ್ತಿತ್ತು. ಕಿರಿಯ ವೈದ್ಯರೊಬ್ಬರು ನಡೆಯುತ್ತಲೇ “ಎಸ್‌ಎಂಎ ಸಿಂಡ್ರೋಮ್, ವಿಲ್ ರಿಕವರ್” ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅವನ ಹೆಂಡತಿ ನನ್ನ ಮುಖ ನೋಡಿ, “ಏನಂದರು ಅಣ್ಣ? ಬದುಕುತ್ತಾರಂತೆಯೋ?” ಎಂದು ಕೇಳಿದಳು. ಇಂಗ್ಲಿಷಿನ ನಾಲ್ಕು ಪದಗಳಲ್ಲಿ ಅವಳಿಗೆ ಬೇಕಾದ ಉತ್ತರವೆಲ್ಲ ಇತ್ತು. ಅವಳಿಗೆ ಒಂದೂ ದಕ್ಕಲಿಲ್ಲ.

ಮೂರನೆಯ ರಾತ್ರಿ ಅವನ ಮಗಳು ಒಂದು ವಿಚಿತ್ರವನ್ನು ಕಂಡಳು. “ಮಾವ, ಅಪ್ಪ ನಿದ್ದೆಗಣ್ಣಿನಲ್ಲಿ ಬಲಗೈಯಿಂದಲೇ ಮೂಗು ಕೆರೆದುಕೊಂಡರು. ಈಗ ಎತ್ತು ಅಂದರೆ ಎತ್ತುತ್ತಿಲ್ಲ” ಎಂದಳು. ಮರುದಿನ ಹಿರಿಯ ವೈದ್ಯರಿಗೆ ಅದನ್ನು ತಿಳಿಸಿದಾಗ ಅವರು ಸಂತೋಷದಿಂದ ನಿಂತು, ಕಾಗದದ ಮೇಲೆ ಚಿತ್ರ ಬರೆದು, ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಿದರು. ತಾನಾಗಿ ಆಗುವ ಚಲನೆ ಉಳಿದು, ಬೇಕೆಂದು ಮಾಡುವ ಚಲನೆ ನಿಂತಿರುವುದು ಈ ಸ್ಥಿತಿಯ ಗುರುತಂತೆ. ಆ ಹತ್ತು ನಿಮಿಷದ ನಂತರ ಅದೇ ಮನೆಯವರು ಬೇರೆಯೇ ಜನರಾದರು. ಅಳುತ್ತ ಕುಳಿತಿದ್ದವಳು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸತೊಡಗಿದಳು. ಒಂಬತ್ತನೆಯ ದಿನ ಅವನ ಬಾಯಿಂದ ಮೊದಲ ಮಾತು ಬಂತು: “ಕರೆಂಟು”. ತೋಟದ ಮೋಟರಿಗೆ ಮೂರು ಫೇಸ್ ವಿದ್ಯುತ್ ಬಂದಿತ್ತೇ ಎಂಬುದು ಆ ರೈತನ ಮನಸ್ಸಿನಲ್ಲಿ ಅಷ್ಟು ದಿನವೂ ಕಾದುಕುಳಿತಿದ್ದ ಪ್ರಶ್ನೆ.

ಆದರೆ ಆ ಮೂರು ದಿನಗಳಲ್ಲಿ ಏನೇನು ನಡೆಯಿತೆಂಬುದನ್ನು ನಾನು ಮರೆತಿಲ್ಲ. ನೋಡಲು ಬಂದ ಬಂಧುಗಳಲ್ಲಿ ಒಬ್ಬರು ರೋಗಿಯನ್ನು ಬಿಡಿಸಿಕೊಂಡು ನಾಟಿ ಔಷಧಿಗೆ ಕರೆದೊಯ್ಯಲು ಕಾರನ್ನೇ ಗೊತ್ತುಮಾಡಿದ್ದರು. ಮತ್ತೊಬ್ಬರು ಪಾರಿವಾಳದ ರಕ್ತ ತಿಕ್ಕಿಸಬೇಕೆಂದರು. ಇನ್ನೊಬ್ಬರು ಆಸ್ಪತ್ರೆಯ ಮೇಲೆ ಕೇಸು ಹಾಕಬೇಕೆಂದರು. ಇವರಾರೂ ಕೆಟ್ಟವರಲ್ಲ, ಅವನ ಮೇಲೆ ಪ್ರೀತಿಯಿದ್ದವರೇ. ತಿಳಿವಳಿಕೆಯ ಜಾಗ ಖಾಲಿಯಿದ್ದರೆ ಅಲ್ಲಿ ಗಾಳಿಮಾತು ಬಂದು ಕೂರುತ್ತದೆ, ಅಷ್ಟೆ. ಹೊಲಿಗೆ ಒಣಗದ ತಲೆಯನ್ನು ಕಾರಿನಲ್ಲಿ ಕುಲುಕಿಸಿಕೊಂಡು, ನಡುವೆ ಮೂರ್ಛೆಯ ಮಾತ್ರೆ ತಪ್ಪಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ.

ಇಲ್ಲಿ ವೈದ್ಯರ ಪಕ್ಷದ ಮಾತನ್ನೂ ಕೇಳಬೇಕು. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಒಮ್ಮೆ ಹೇಳಿದ್ದುಂಟು: “ಮೇಷ್ಟ್ರೇ, ಸರಿಹೋಗುತ್ತದೆ ಎಂದು ಮಾತು ಕೊಟ್ಟು ಸರಿಹೋಗದಿದ್ದರೆ ಜನ ನಮ್ಮನ್ನು ಬಿಡುತ್ತಾರೆಯೇ?” ಅವರ ಅಂಜಿಕೆ ನ್ಯಾಯವಾದದ್ದೇ. ಚಲನಾ ಪಟ್ಟಿಗೇ ಅಥವಾ ಅಲ್ಲಿಂದ ಇಳಿಯುವ ನರತಂತುಗಳಿಗೇ ಪೆಟ್ಟಾಗಿದ್ದರೆ, ರಕ್ತನಾಳ ಮುಚ್ಚಿದ್ದರೆ, ದೌರ್ಬಲ್ಯ ಪೂರ್ತಿ ಹೋಗದೆ ಉಳಿಯಬಹುದು. ಮೊದಲ ದಿನಗಳಲ್ಲಿ ಎರಡರ ನಡುವಣ ಭೇದ ತಜ್ಞರಿಗೂ ಕಠಿಣವೇ. ಆದರೆ ನಾನು ಕೇಳುತ್ತಿರುವುದು ಭರವಸೆಯ ಪತ್ರವನ್ನಲ್ಲ. “ಗಡ್ಡೆ ಇಂಥ ಕಡೆಯಲ್ಲಿದೆ, ತೆಗೆದ ಮೇಲೆ ಈ ಬದಿಯ ಕೈಕಾಲು ಕೆಲವು ವಾರ ಆಡದಿರಬಹುದು, ಮಾತು ನಿಲ್ಲಬಹುದು, ಬಹಳ ಮಂದಿಗೆ ಮರಳುತ್ತದೆ, ಕೆಲವರಿಗೆ ಕೊರತೆ ಉಳಿಯುತ್ತದೆ, ಆ ದಿನಗಳಲ್ಲಿ ನೀವು ಮಾಡಬೇಕಾದದ್ದು ಇದು” ಎಂಬ ನಾಲ್ಕು ಸಾಲು ಸಾಕು. ಮುಂಚೆ ಹೇಳಿದರೆ ಅದು ಎಚ್ಚರಿಕೆಯಾಗುತ್ತದೆ. ಆಮೇಲೆ ಹೇಳಿದರೆ, ಎಷ್ಟೇ ನಿಜವಾದರೂ, ಜನರ ಕಿವಿಗೆ ಅದು ನೆಪದಂತೆ ಕೇಳಿಸುತ್ತದೆ. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಸಣ್ಣಕ್ಷರಗಳಲ್ಲಿ ಇದೆಲ್ಲ ಇದೆಯೆಂದು ವಾದಿಸುವವರಿಗೆ ನನ್ನ ಉತ್ತರ ಸರಳ: ಪಠ್ಯಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಪಾಠ ಹೇಳಿದಂತಾಗುವುದಿಲ್ಲ.

ಇನ್ನು ಮನೆಯವರ ಪಾಲಿನ ಕೆಲಸ. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಆಡದ ಕೈಯನ್ನು ಹಾಗೆಯೇ ಬಿಟ್ಟರೆ ಕೀಲುಗಳು ಬಿಗಿಯುತ್ತವೆ, ಭುಜ ನೋವಿನಿಂದ ಗಂಟುಕಟ್ಟುತ್ತದೆ, ಪಾದ ಕೆಳಕ್ಕೆ ಬಾಗಿ ನಿಲ್ಲುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆಮೇಲೆ ಮಿದುಳಿನಿಂದ ಆಜ್ಞೆ ಬಂದರೂ ಪಾಲಿಸಲು ಅಂಗ ಸಿದ್ಧವಿರುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಫಿಸಿಯೋಥೆರಪಿಯವರು ತೋರಿಸಿದಂತೆ ಪ್ರತಿಯೊಂದು ಕೀಲನ್ನೂ ಮೆಲ್ಲಗೆ ಆಡಿಸುವುದು, ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸದೆ ಬೆನ್ನಿಗೆ ಸೊಂಟಕ್ಕೆ ಆಸರೆ ಕೊಡುವುದು, ನುಂಗುವ ಶಕ್ತಿಯನ್ನು ವೈದ್ಯರು ಪರೀಕ್ಷಿಸುವ ತನಕ ಪ್ರೀತಿಯಿಂದಲಾದರೂ ಗಂಜಿ ಎಳನೀರು ಸುರಿಯದಿರುವುದು, ಇವು ಮುಖ್ಯ. ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿ ಕಡಿಮೆ ಮಾಡಬೇಕು. ಚೇತರಿಸಿಕೊಂಡೆವೆಂದು ಒಮ್ಮೆಲೇ ಬಿಡಬಾರದು. ಸಕ್ಕರೆ ಕಾಯಿಲೆಯಿದ್ದರೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಮೂರ್ಛೆಯ ಮಾತ್ರೆಯೂ ಅಷ್ಟೆ. ಜ್ವರ, ಗಾಯದಿಂದ ನೀರು ಸೋರುವುದು, ಹೆಚ್ಚುತ್ತಿರುವ ತಲೆನೋವು ವಾಂತಿ, ಮಂಪರು, ಮೂರ್ಛೆ, ಚೇತರಿಸಿಕೊಂಡಿದ್ದ ಕೈಕಾಲು ಮತ್ತೆ ಸೋಲುವುದು, ಒಂದೇ ಕಾಲಿನ ಮೀನಖಂಡ ಊದಿಕೊಳ್ಳುವುದು, ಉಸಿರಾಟಕ್ಕೆ ತೊಂದರೆ, ಇವುಗಳಲ್ಲಿ ಒಂದು ಕಂಡರೂ “ತಾತ್ಕಾಲಿಕವೇ ಇರಬೇಕು” ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ನಮ್ಮವನು ಆರನೆಯ ವಾರಕ್ಕೆ ಕೋಲೂರಿ ಅಂಗಳದಲ್ಲಿ ನಡೆದ, ಮೂರು ತಿಂಗಳಿಗೆ ತೋಟಕ್ಕೆ ಹೋದ. ಇಂದಿಗೂ ಎರಡು ಕೈಗಳನ್ನೂ ಒಟ್ಟಿಗೆ ಲಯವಾಗಿ ಆಡಿಸಬೇಕಾದ ಹಗ್ಗ ಹೊಸೆಯುವ ಕೆಲಸದಲ್ಲಿ ಅವನಿಗೆ ತಡವರಿಕೆಯಿದೆ. ಅಷ್ಟು ಉಳಿಯುವುದು ಸಾಮಾನ್ಯವೆಂದು ವೈದ್ಯರೇ ಹೇಳಿದರು. ಆದರೆ ಈ ಚೇತರಿಕೆಯ ಹಿಂದೆ ತುಮಕೂರಿನಿಂದ ವಾರಕ್ಕೆರಡು ಬಾರಿ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗನಿದ್ದ. ಅವನ ಫೀಸು, ಓಡಾಟದ ಖರ್ಚು ಕೊಡಲು ತೋಟದ ಆದಾಯವಿತ್ತು. ಕೂಲಿ ಮಾಡುವವನ ಮನೆಯಲ್ಲಿ ಇದೇ ಆಗಿದ್ದರೆ? ಸರ್ಕಾರದ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಿಂದ ದೊಡ್ಡ ಶಸ್ತ್ರಚಿಕಿತ್ಸೆ ಬಡವರ ಕೈಗೆಟುಕಿತು; ಅದು ನಿಜಕ್ಕೂ ಶ್ಲಾಘನೀಯ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲಿನ ಮೂರು ತಿಂಗಳ ಭಾರವನ್ನು ಹೊರುವವರು ಮನೆಯವರೇ. ಲಕ್ಷಗಟ್ಟಲೆ ವೆಚ್ಚದ ಶಸ್ತ್ರಚಿಕಿತ್ಸೆ ಮಾಡಿಸಿ, ಸಾವಿರಗಳಲ್ಲಿ ಮುಗಿಯುವ ವ್ಯಾಯಾಮಕ್ಕೆ ಕೈಬಿಡುವುದು ಪೈರು ಬೆಳೆದು ಕೊಯ್ಲಿನ ವೇಳೆಗೆ ಕುಡುಗೋಲು ಕೊಡದಂತೆ.

ಪರಿಹಾರ ಆಕಾಶದಲ್ಲೇನೂ ಇಲ್ಲ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಕೂಡಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದವು. ನರರೋಗಗಳ ಆರೈಕೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಆ ಯತ್ನ ಸರಿಯಾದ ದಾರಿಯಲ್ಲಿದೆ. ಅದು ಔಷಧಿಯ ಚೀಟಿಯಲ್ಲಿ ನಿಲ್ಲದೆ, ಗುಬ್ಬಿ ಕುಣಿಗಲ್ಲುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರದ ನಿಗದಿತ ದಿನಗಳಂದು ಶಸ್ತ್ರಚಿಕಿತ್ಸೆಯಾದವರಿಗೆ ವ್ಯಾಯಾಮ ಮಾಡಿಸುವ ವ್ಯವಸ್ಥೆಯಾಗಿ ಬೆಳೆಯಬೇಕು. ಹುಲಿಯೂರುದುರ್ಗದವನೋ ಹಾಗಲವಾಡಿಯವನೋ ಪ್ರತಿ ಸಲ ಬೆಂಗಳೂರಿಗೆ ಬಾಡಿಗೆ ಕಾರಿನಲ್ಲಿ ಹೋಗಬೇಕಾಗಬಾರದು. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ಮಗ್ಗುಲು ಬದಲಿಸುವುದು, ಕೀಲು ಆಡಿಸುವುದು, ಅಪಾಯದ ಚಿಹ್ನೆ ಗುರುತಿಸುವುದು, ಇಷ್ಟನ್ನು ಅವರಿಗೆ ಕಲಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಕೊನೆಯದಾಗಿ, ನೋಡಲು ಹೋಗುವ ನಮ್ಮೆಲ್ಲರಿಗೂ ಒಂದು ಮಾತು. ಮಾತಾಡದ ರೋಗಿಗೆ ಕಿವಿ ಕೇಳಿಸುತ್ತಿರುತ್ತದೆ. ಬಾಯಿ ಬಾರದವನ ಮುಂದೆ “ಇವನ ಕತೆ ಮುಗಿಯಿತು” ಎಂದು ನಾವು ಆಡಿದ್ದನ್ನು ಅವನು ಮರೆಯುವುದಿಲ್ಲ, ಉತ್ತರ ಕೊಡಲೂ ಆಗದೆ ಒಳಗೇ ನೋಯುತ್ತಾನೆ. ನನ್ನ ತರಗತಿಗಳಲ್ಲಿ ಪ್ರಶ್ನೆ ಕೇಳಿದೊಡನೆ ಉತ್ತರ ಹೇಳದ ಮಕ್ಕಳಿದ್ದರು. ಅವರನ್ನು ದಡ್ಡರೆಂದು ಕೂರಿಸಿದ ದಿನ ಅವರು ನಿಜವಾಗಿಯೂ ದಡ್ಡರಾಗುತ್ತಿದ್ದರು. ಒಂದು ನಿಮಿಷ ಕಾದರೆ ಸಣ್ಣ ದನಿಯಲ್ಲಿ ಸರಿಯುತ್ತರ ಬರುತ್ತಿತ್ತು. ಮಿದುಳಿಗೂ ಅಂಥ ಒಂದು ನಿಮಿಷ ಬೇಕಾಗುತ್ತದೆ. ಅದರ ಲೆಕ್ಕದಲ್ಲಿ ಆ ನಿಮಿಷ ಕೆಲವು ವಾರಗಳಷ್ಟು ಉದ್ದ.

ನನ್ನ ಶಿಷ್ಯರಲ್ಲಿ ಈಗ ವೈದ್ಯರಿದ್ದೀರಿ, ದಾದಿಯರಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ಔಷಧಿ ಅಂಗಡಿ ಇಟ್ಟವರಿದ್ದೀರಿ. ವೈದ್ಯರಾದವರು ಶಸ್ತ್ರಚಿಕಿತ್ಸೆಯ ಹಿಂದಿನ ದಿನ ರೋಗಿಯ ಮನೆಯವರನ್ನು ಕೂರಿಸಿಕೊಂಡು ಹತ್ತು ನಿಮಿಷ ಕನ್ನಡದಲ್ಲಿ ಪಾಠ ಹೇಳಿ. ಉಳಿದವರು ನಿಮ್ಮ ಊರಿನಲ್ಲಿ ಇಂಥ ರೋಗಿಯಿದ್ದರೆ ಹೋಗಿ, ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟು, ವ್ಯಾಯಾಮ ಮಾಡಿಸಲು ಅರ್ಧ ಗಂಟೆ ಕೈಜೋಡಿಸಿ. ನಿಮ್ಮ ಮೇಷ್ಟ್ರು ನಿಮ್ಮಿಂದ ಬಯಸುವ ಗುರುದಕ್ಷಿಣೆ ಇಷ್ಟೇ.